ವೈರಸ್ ತೆಗೆಯುವವನು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕನ ಕೆನ್ನೆ ಬನ್ನಿನಂತೆ ಊದಿತ್ತು. ಬಾಯಿ ಮಾತ್ರ ನಿಂತಿರಲಿಲ್ಲ.

“ಕಂಪ್ಯೂಟರ್ ಈಗ ಹೇಗಿದೆ ಅಕ್ಕಾ?” ತಂಗಿ ಕೇಳಿದಳು.

“ಕುದುರೆ ಹಾಗೆ ಓಡ್ತಿದೆ. ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಅಂತ ಅದರಲ್ಲೇ ಬಂತು. ಮಾಡ್ದೆ, ಒಬ್ಬ ಹುಡುಗ ಎತ್ತಿದ. ಪಾಪ, ಎಲ್ಲೋ ಕೂತ್ಕೊಂಡು ಇಂಟರ್ನೆಟ್ಟಲ್ಲೇ ದಿನಾ ಅವನೇ ಕ್ಲೀನ್ ಮಾಡ್ತಾನೆ.”

“ಅಯ್ಯೋ, ಕುರಿ ಕಾಯೋಕೆ ತೋಳನ್ನ ಇಟ್ಟ ಹಾಗಾಯ್ತು! ಯಾರು ಏನು ಅಂತ ಗೊತ್ತಾ?”

“ನಿನಗೆ ಎಲ್ಲದರಲ್ಲೂ ಅನುಮಾನ. ಎಷ್ಟು ಮರ್ಯಾದಸ್ಥ ಗೊತ್ತಾ? ಕಂಪ್ಯೂಟರ್ ಆಫ್ ಮಾತ್ರ ಮಾಡ್ಬೇಡಿ ಅಂದಿದ್ದಾನೆ, ಅಷ್ಟೇ.”

“ಫೋನಲ್ಲೇ ತಾನೆ ಮಾತಾಡೋದು?”

“ಮತ್ತೆ? ಇವತ್ತೂ ಮಾಡಿದ್ದ. ಎಡಗೆನ್ನೆ ತುಂಬಾ ಊದಿದೆ, ಮೊದಲು ಡಾಕ್ಟರಿಗೆ ತೋರಿಸಿ ಅಂದ. ಒಡಹುಟ್ಟಿದ ತಮ್ಮನೂ ಹೀಗೆ ವಿಚಾರಿಸಲ್ಲ.”

“ಕೆನ್ನೆ ಊದಿದೆ ಅಂತ ನೀನು ಹೇಳಿದ್ಯಾ?”

“ಇಲ್ವಲ್ಲ. ಅವನೇ...”

ಅಕ್ಕನ ಕೈ ನಿಧಾನವಾಗಿ ಕೆನ್ನೆಗೆ ಹೋಯಿತು.

“ಅಕ್ಕಾ, ಅದರಲ್ಲಿ ಕ್ಯಾಮೆರಾ ಇದೆ. ಕಂಪ್ಯೂಟರ್ ಎಲ್ಲಿಟ್ಟಿದ್ದೀಯ?”

ಅಕ್ಕ ಕೆನ್ನೆಯಿಂದ ಕೈ ತೆಗೆದು ತಂಗಿಯ ತೋಳು ಹಿಡಿದಳು.

“ಮಗಳ ರೂಮಲ್ಲಿ,” ಎಂದಳು. “ಮಂಚದ ಎದುರಿಗೆ.”

ನರ್ಸ್ ಬಾಗಿಲು ತೆರೆದು ಕರೆದಳು. ಇಬ್ಬರೂ ಎದ್ದರು, ಆದರೆ ಒಳಗೆ ಹೋಗಲಿಲ್ಲ. ಮೆಟ್ಟಿಲಿಳಿದು ಓಡುವ ಚಪ್ಪಲಿಗಳ ಸದ್ದು ಬೀದಿಯವರೆಗೂ ಕೇಳಿಸಿತು.