ನಾಲ್ಕನೇ ಗಾಳಿಯಂತ್ರದ ಬಡಿತ ಕೇಳಿಸಿಕೊಂಡ ಬಗ್ಗೆ

ಊರವರೆಲ್ಲ ಗಿರಣಿ ಅಕ್ಕ ಎಂದು ಕರೆಯುವ ನಾನು, ವಯಸ್ಸು 56, ಕಸುಬು ಹಿಟ್ಟಿನ ಗಿರಣಿ ನಡೆಸುವುದು, ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅದೇ ಗಿರಣಿಯ ಮೇಲ್ಮಹಡಿ, ಠಾಣೆಗೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೂವತ್ತೊಂದು ವರ್ಷದಿಂದ ಗಿರಣಿ ನಡೆಸುತ್ತಿದ್ದೇನೆ. ಬೆಲ್ಟು ಸಡಿಲವಾದರೆ, ಬೇರಿಂಗು ಸವೆದರೆ, ಕಲ್ಲು ಒಂದು ಕಡೆ ವಾಲಿದರೆ ಕಣ್ಣಿಗೆ ಕಾಣುವ ಮೊದಲೇ ನನ್ನ ಕಿವಿಗೆ ಗೊತ್ತಾಗುತ್ತದೆ. ಸಂಶಯ ಬಂದಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ ಕೇಳುತ್ತೇನೆ. ಇದು ನಮ್ಮ ಮಾವ ಕಲಿಸಿಕೊಟ್ಟ ರೀತಿ. ಹಳೆಯ ಮೆಕ್ಯಾನಿಕ್‌ಗಳೆಲ್ಲ ಹೀಗೆಯೇ ಮಾಡುತ್ತಾರೆ.

ನಮ್ಮ ಗಿರಣಿಯಿಂದ 420 ಮೀಟರ್ ದೂರದಲ್ಲಿ, ಗಾಳಿಯಿಂದ ಕರೆಂಟು ತಯಾರಿಸುವ ಕಂಪನಿಯ ನಾಲ್ಕನೇ ನಂಬರಿನ ಗಾಳಿಯಂತ್ರ ಇದೆ. ಇಂಥವು ಒಟ್ಟು ಹದಿನಾಲ್ಕು. ಅವು ಬಂದಾಗಿನಿಂದ ನನ್ನ ಗಿರಣಿಗೆ ಕರೆಂಟು ಸರಿಯಾಗಿ ಸಿಗುತ್ತಿದೆ. ಹೊಗೆಯಿಲ್ಲ, ಬೂದಿಯಿಲ್ಲ. ಅವುಗಳ ಮೇಲೆ ನನಗೆ ಯಾವ ದ್ವೇಷವೂ ಇಲ್ಲ.

ಫೆಬ್ರವರಿ 17ರ ಸೋಮವಾರ ಬೆಳಿಗ್ಗೆ 6-10ಕ್ಕೆ ಶಟರ್ ಎತ್ತುವಾಗ, ನಾಲ್ಕನೇ ಯಂತ್ರದ ಎಂದಿನ ಸುಂಯ್ ಶಬ್ದದ ಒಳಗೆ ಸಣ್ಣದೊಂದು 'ಟಕ್' ಕೇಳಿಸಿತು. ಸುಮಾರು ಐದು ಸೆಕೆಂಡಿಗೆ ಒಂದು. ನನ್ನ ಯಜಮಾನರನ್ನು ಕರೆದು ಕೇಳಿಸಿದೆ. ಅವರು ತಮಗೇನೂ ಕೇಳಿಸುತ್ತಿಲ್ಲವೆಂದೂ, ನಿನ್ನ ಕಿವಿಯೊಳಗೇ ಒಂದು ಗಿರಣಿ ಕೂತಿದೆಯೆಂದೂ ಹೇಳಿ ಚಹಾ ಕುಡಿಯಲು ಹೋದರು.

19ರಂದು, 24ರಂದು ಮತ್ತು ಮಾರ್ಚ್ 3ರಂದು ಕಂಪನಿಯ ಕಚೇರಿಗೆ ಹೋಗಿ ದೂರು ಪುಸ್ತಕದಲ್ಲಿ ಬರೆದು ಬಂದೆ. ಅವರು ಒಬ್ಬರನ್ನು ಕಳಿಸಿ ನಮ್ಮ ಬಾಗಿಲಲ್ಲಿ ಶಬ್ದ ಅಳೆಸಿದರು. ಶಬ್ದ ಮಿತಿಯೊಳಗೇ ಇದೆ ಎಂಬ ಕಾಗದ ಬಂತು. ಶಬ್ದ ಜೋರಾಗಿದೆ ಎಂದು ನಾನು ಎಲ್ಲಿಯೂ ಬರೆದಿಲ್ಲ. ಶಬ್ದ ಬದಲಾಗಿದೆ ಎಂದು ಬರೆದಿದ್ದೆ. ಮೂರು ಸಲವೂ ಅದನ್ನೇ ಬರೆದಿದ್ದೆ. ಆ ಕಾಗದ ಓದಿ ನನಗೆ ಮೈಯೆಲ್ಲ ಉರಿಯಿತು.

ಆ ಯಂತ್ರದ ಬುಡದಿಂದ 55 ಮೀಟರ್ ದೂರದಲ್ಲಿ ರಸ್ತೆ ಇದೆ. ಬಟ್ಟೆ ಕಾರ್ಖಾನೆಯ ಹೆಣ್ಣುಮಕ್ಕಳ ಬಸ್ಸು ದಿನಕ್ಕೆ ಎರಡು ಸಲ ಅಲ್ಲಿ ಹೋಗುತ್ತದೆ. ಯಂತ್ರದ್ದು ಏನಾದರೂ ಕಳಚಿದರೆ ಅಲ್ಲಿಗೇ ಬೀಳುತ್ತದೆ. ಹೀಗಾಗಿ ಮಾರ್ಚ್ 11ರ ಮಂಗಳವಾರ ಬೆಳಿಗ್ಗೆ 9-40ಕ್ಕೆ ಚರಂಡಿ ಪಕ್ಕದಲ್ಲಿ ಬೇಲಿ ತೆರೆದಿದ್ದ ಜಾಗದಿಂದ ಒಳಗೆ ಹೋದೆ. ನನ್ನ ಬಳಿ ಹದಿನಾಲ್ಕು ಅಂಗುಲದ ಸ್ಕ್ರೂಡ್ರೈವರ್ ಒಂದಿತ್ತು, ಬೇರೇನೂ ಇರಲಿಲ್ಲ. ಅದನ್ನು ಕಂಬಕ್ಕೆ ಒತ್ತಿ ಮೂವತ್ತು ಸುತ್ತು ಎಣಿಸಿದೆ. ಮೂವತ್ತು ಬಡಿತ ಬಂತು. ಮೂರು ರೆಕ್ಕೆಗಳಲ್ಲಿ ಒಂದರ ಬುಡದಲ್ಲಿ ಎಣ್ಣೆಯ ಕಪ್ಪು ಗೆರೆ ಇತ್ತು. ಆ ರೆಕ್ಕೆ ಮೇಲೆ ಹೋಗಿ ಕೆಳಗಿಳಿಯಲು ತಿರುಗುವಾಗಲೇ ಬಡಿತ ಬರುತ್ತಿತ್ತು, ಉಳಿದ ಎರಡು ತಿರುಗುವಾಗ ಇರಲಿಲ್ಲ.

9-58ಕ್ಕೆ ಕಂಪನಿಯ ವಾಚ್‌ಮನ್ ಓಡಿ ಬಂದು ನನ್ನ ಮೊಣಕೈ ಹಿಡಿದುಕೊಂಡರು. ನಾನು ಬೋಲ್ಟು ಬಿಚ್ಚುತ್ತಿದ್ದೇನೆ ಎಂದು ಕೂಗಾಡಿದರು. ಆ ಕಂಬದ ಬೋಲ್ಟು ನನ್ನ ಮಣಿಕಟ್ಟಿನಷ್ಟು ದಪ್ಪ ಇದೆ. ಈ ಸ್ಕ್ರೂಡ್ರೈವರಿನಲ್ಲಿ ಅದನ್ನು ಬಿಚ್ಚಲು ಏಳು ಜನ್ಮ ಬೇಕು, ಅಷ್ಟು ಪುರುಸೊತ್ತು ನನಗಿಲ್ಲ ಎಂದೆ. ಅವರಿಗೆ ನಗು ಬರಲಿಲ್ಲ. ಹಾನಿ ಮಾಡುವ ಉದ್ದೇಶದಿಂದ ಅಕ್ರಮವಾಗಿ ಒಳಗೆ ಬಂದೆನೆಂದು ಅಲ್ಲಿಂದಲೇ ಠಾಣೆಗೆ ಫೋನಿನಲ್ಲಿ ದೂರು ಕೊಟ್ಟರು. ಇಂಥ ಪ್ರಕರಣ ಸಾಬೀತಾದರೆ ಗಿರಣಿಯ ಪರವಾನಗಿ ರದ್ದಾಗುತ್ತದೆ ಎಂದು ನನಗೆ ಗೊತ್ತಿತ್ತು.

10-35ಕ್ಕೆ ಮುಖ್ಯ ಪೇದೆಯವರೂ ಹತ್ತು ನಿಮಿಷದ ಬಳಿಕ ಕಂಪನಿಯ ಎಂಜಿನಿಯರ್ ಮೇಡಂ ಅವರೂ ಬಂದರು. ಮೇಡಂ ಲ್ಯಾಪ್‌ಟಾಪ್ ತೆರೆದು, ಎಲ್ಲ ಹಸಿರು ಇದೆ, ಒಂದೂ ಕೆಂಪಿಲ್ಲ ಎಂದು ತೋರಿಸಿದರು. ಅದು ಎಲ್ಲಿಯ ಅದುರುವಿಕೆಯನ್ನು ಹೇಳುತ್ತದೆ ಎಂದು ಕೇಳಿದೆ. ಗೇರ್ ಪೆಟ್ಟಿಗೆಯದ್ದು ಎಂದರು. ನಾನು, "ಹೊಟ್ಟೆನೋವು ಅಂದ್ರೆ ಹಲ್ಲು ನೋಡಿ ಚೆನ್ನಾಗಿದೆ ಅಂತೀರಲ್ಲ ಮೇಡಂ, ಒಂದ್ಸಲ ನೀವೇ ಕಿವಿ ಇಟ್ಟು ನೋಡಿ" ಎಂದೆ. ಅವರು ಒಪ್ಪಲಿಲ್ಲ.

ಮೊದಲು ಕಿವಿ ಇಟ್ಟವರು ಮುಖ್ಯ ಪೇದೆಯವರು, ಅಂದರೆ ಈಗ ಈ ಹೇಳಿಕೆ ಬರೆದುಕೊಳ್ಳುತ್ತಿರುವವರು. ಅದನ್ನು ಬಿಟ್ಟುಬಿಡಿ ಅಕ್ಕ ಎಂದು ಈಗ ಹೇಳುತ್ತಿದ್ದಾರೆ. ಬಿಡುವುದಿಲ್ಲ, ಬರೆಯಿರಿ. ಅವರು ಎರಡು ನಿಮಿಷ ಕೇಳಿ, "ಹೌದಲ್ಲ ಮೇಡಂ, ಯಾರೋ ಒಳಗಿಂದ ಬಾಗಿಲು ಬಡೀತಿದ್ದ ಹಾಗಿದೆ" ಎಂದರು. ಆಮೇಲೆ ಮೇಡಂ ಸ್ಕ್ರೂಡ್ರೈವರ್ ತೆಗೆದುಕೊಂಡು ಕಣ್ಣು ಮುಚ್ಚಿ ನಿಂತರು. ಕೆಲವು ಸುತ್ತು ಆದ ಮೇಲೆ ಅವರ ಮುಖ ಬಿಳುಚಿಕೊಂಡಿತು. ಯಾವ ರೆಕ್ಕೆ ಎಂದು ನನ್ನನ್ನು ಕೇಳಿದರು. ಎಣ್ಣೆ ಗೆರೆ ಇರುವುದು, ಅದರ ಬುಡದಲ್ಲಿ ಎಂದೆ.

11-20ಕ್ಕೆ ಯಂತ್ರ ನಿಲ್ಲಿಸಿದರು. ಇಬ್ಬರು ಮೆಕ್ಯಾನಿಕ್‌ಗಳು ಎಂಬತ್ತು ಮೀಟರ್ ಮೇಲೆ ಹತ್ತಿದರು. 12-25ಕ್ಕೆ ವಾಕಿಟಾಕಿಯಲ್ಲಿ ಮಾತು ಬಂತು. ಗೆರೆ ಇದ್ದ ರೆಕ್ಕೆಯ ಬುಡದ ಅರವತ್ತನಾಲ್ಕು ಬೋಲ್ಟುಗಳಲ್ಲಿ ಒಂಬತ್ತು ತುಂಡಾಗಿವೆ, ಐದು ಬರಿಗೈಯಲ್ಲೇ ತಿರುಗುತ್ತವೆ ಎಂದರು. ಮೇಡಂ ಕಂಬದ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಗ ನನಗಾದ ಸಂತೋಷವನ್ನು ಹೇಳಿಕೆಯಲ್ಲಿ ಬರೆಯುವ ಪದ್ಧತಿ ಇಲ್ಲವೆಂದು ಪೇದೆಯವರು ಹೇಳುತ್ತಾರೆ. ಆದರೂ ಬರೆಯಬೇಕು. ಮೂವತ್ತೊಂದು ವರ್ಷ ಹಿಟ್ಟಿನ ಧೂಳು ಕುಡಿದದ್ದು ಸಾರ್ಥಕವಾಯಿತು ಅನ್ನಿಸಿತು. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಕುಣಿದೇ ಬಿಡುತ್ತಿದ್ದೆ.

1-15ಕ್ಕೆ ನನ್ನ ಅಕ್ಕನ ಗಂಡ, ಅಂದರೆ ಭಾವ, ಮೂವತ್ತು ಜನರನ್ನು ಕಟ್ಟಿಕೊಂಡು ಗೇಟಿಗೆ ಬಂದರು. ಅವರು ಗಾಳಿಯಂತ್ರ ವಿರೋಧಿ ಸಮಿತಿಯ ಅಧ್ಯಕ್ಷರು. ಯಂತ್ರಗಳು ಮೋಡವನ್ನು ಓಡಿಸುತ್ತವೆ ಎಂಬುದು ಅವರ ವಾದ. ಹಾಗಾದರೆ ನಮ್ಮನೆ ಫ್ಯಾನು ಹಾಕಿದರೆ ನಿಮ್ಮನೆ ಸೆಕೆ ಹೋಗಬೇಕಿತ್ತು ಭಾವ ಎಂದು ನಾನು ಹಿಂದೊಮ್ಮೆ ಹೇಳಿದ್ದಕ್ಕೆ ಎರಡು ತಿಂಗಳು ಮಾತು ಬಿಟ್ಟಿದ್ದರು. ಅಂದು ಮಾತ್ರ ನನ್ನನ್ನು ಹೊಗಳಿ, ಬ್ಯಾನರಿನ ಮುಂದೆ ನಿಲ್ಲಬೇಕೆಂದೂ, ಹದಿನಾಲ್ಕನ್ನೂ ಕಿತ್ತೊಗೆಯಿರಿ ಎಂದು ನಾನೇ ಹೇಳಬೇಕೆಂದೂ ಒತ್ತಾಯಿಸಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವಳು ನಾನಲ್ಲ ಎಂದೆ. "ಹಾಗಾದ್ರೆ ನೀನು ಯಾರ ಕಡೆಯವಳಮ್ಮ?" ಎಂದು ಕೇಳಿದರು. "ಬೋಲ್ಟಿನ ಕಡೆ ಭಾವ" ಎಂದೆ. ಅವರ ಹಿಂದೆ ಬಂದವರೇ ನಕ್ಕರು.

ಆದರೆ ಭಾವ ಹೇಳುವುದರಲ್ಲಿ ಒಂದು ನಿಜವಿದೆ. ಸಂಜೆ 5-05ರಿಂದ 5-25ರವರೆಗೆ ಆರನೇ ಯಂತ್ರದ ನೆರಳು ನನ್ನ ಅಕ್ಕನ ಅಡುಗೆಮನೆಯ ಕಿಟಕಿಯಲ್ಲಿ ಬೀಳುತ್ತದೆ. ಬೆಳಕು ಹೋಗಿ ಬಂದು ಹೋಗಿ ಬಂದು ಆಕೆಗೆ ತಲೆನೋವು ಬರುತ್ತದೆ. ಅದನ್ನೂ ಮೇಡಂ ಅವರಿಗೆ ಅಲ್ಲೇ ಹೇಳಿದೆ. ಈಗ ಆ ಇಪ್ಪತ್ತು ನಿಮಿಷ ಆರನೆಯದನ್ನು ನಿಲ್ಲಿಸುತ್ತಿದ್ದಾರೆ.

ನಿನ್ನೆ, ಮಾರ್ಚ್ 21ರ ಶುಕ್ರವಾರ, ಹೊಸ ಬೋಲ್ಟು ಹಾಕಿದ ನಾಲ್ಕನೇ ಯಂತ್ರವನ್ನು 10-15ಕ್ಕೆ ಮತ್ತೆ ಶುರು ಮಾಡಿದರು. ಈ ಸಲ ಗೇಟು ತೆರೆದು ನನ್ನನ್ನು ಒಳಗೆ ಕರೆದರು. ರಸ್ತೆಯಲ್ಲಿ ಇನ್ನೂರು ಜನ ಉಸಿರು ಬಿಗಿಹಿಡಿದು ನಿಂತಿದ್ದರು, ಭಾವನೂ ಇದ್ದರು. ಅರವತ್ತು ಸುತ್ತು ಕೇಳಿದೆ. ಬಡಿತ ಇರಲಿಲ್ಲ. ಕೈ ಎತ್ತಿದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಯಜಮಾನರು ಎಲ್ಲರಿಗಿಂತ ಜೋರಾಗಿ ತಟ್ಟಿ, ಇವಳ ಕಿವಿ ಹೀಗೆ ಅಂತ ನಾನು ಮೊದಲಿಂದಲೂ ಹೇಳುತ್ತಿದ್ದೆ ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ಇಂದು ಬೆಳಿಗ್ಗೆ 11ಕ್ಕೆ ಎಂಜಿನಿಯರ್ ಮೇಡಂ ದೂರು ಹಿಂಪಡೆಯುವ ಕಂಪನಿಯ ಪತ್ರದೊಂದಿಗೆ ಠಾಣೆಗೆ ಬಂದರು. ಸದರಿ ಮಹಿಳೆ ದಾರಿ ತಪ್ಪಿ, ತಿಳಿಯದೆ ಬೇಲಿಯೊಳಗೆ ಬಂದಿದ್ದರಿಂದ ಕ್ರಮ ಬೇಡ ಎಂದು ಅದರಲ್ಲಿತ್ತು. ನನ್ನ ಹೇಳಿಕೆಯೂ ಹಾಗೆಯೇ ಇದ್ದರೆ ಪ್ರಕರಣ ಇಲ್ಲಿಗೇ ಮುಗಿಯುತ್ತದೆ, ಇಲ್ಲವಾದರೆ ಪರವಾನಗಿಯ ವಿಚಾರ ತಮ್ಮ ಕೈಯಲ್ಲಿಲ್ಲ ಎಂದು ಠಾಣಾಧಿಕಾರಿಗಳು ಒಳ್ಳೆಯ ಮನಸ್ಸಿನಿಂದಲೇ ತಿಳಿಸಿದರು. ನಾನು ಒಪ್ಪಲಿಲ್ಲ. ಆ ರಸ್ತೆಯಲ್ಲಿ ಐವತ್ತು ವರ್ಷದಿಂದ ಓಡಾಡುತ್ತಿದ್ದೇನೆ, ದಾರಿ ತಪ್ಪುವವಳಲ್ಲ. ಗೊತ್ತಿದ್ದೇ ಹೋದೆ, ಕೇಳಲೆಂದೇ ಹೋದೆ. ಪರವಾನಗಿ ಹೋಗುವುದಾದರೆ ನಿಜ ಹೇಳಿಯೇ ಹೋಗಲಿ ಎಂದೆ.

ಮೇಡಂ ಪೇದೆಯವರ ಪೆನ್ನು ಕೇಳಿ ಪಡೆದು ತಮ್ಮ ಕಂಪನಿಯ ಪತ್ರದ ಆ ಸಾಲನ್ನೇ ಹೊಡೆದು ಹಾಕಿದರು. ಈಕೆ ಮೂರು ಸಲ ಬಂದು ಹೇಳಿದರೂ ನಾವು ಕೇಳಿಸಿಕೊಳ್ಳಲಿಲ್ಲ, ಆದ್ದರಿಂದ ನಾಲ್ಕನೆಯ ಸಲ ಒಳಗೆ ಬರಬೇಕಾಯಿತು, ತಪ್ಪು ನಮ್ಮದು ಎಂದು ಬರೆದು ನನ್ನ ಮುಂದೆಯೇ ಸಹಿ ಮಾಡಿದರು. ಠಾಣಾಧಿಕಾರಿಗಳು ಓದಿ, ಇಷ್ಟು ಸಾಕು, ಪ್ರಕರಣ ಮುಗಿಯಿತು ಎಂದು ಮೊಹರು ಒತ್ತಿದರು.

ಈ ಹೇಳಿಕೆಯನ್ನು ಪೇದೆಯವರು ನನಗೆ ಜೋರಾಗಿ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಹೆಚ್ಚು ಕಡಿಮೆ ಇಲ್ಲ. ಅಭ್ಯಾಸಬಲದಿಂದ ಅವರು ಒಂದು ಕಡೆ 'ಆರೋಪಿ' ಎಂದು ಬರೆದಿದ್ದರು. ಅದನ್ನು ನಾನೇ ಹೊಡೆದು 'ಗಿರಣಿ ಅಕ್ಕ' ಎಂದು ತಿದ್ದಿ, ಪಕ್ಕದಲ್ಲಿ ರುಜು ಹಾಕಿದ್ದೇನೆ.

ಸ್ಥಳ: ಠಾಣೆಯ ಬರಹದ ಕೋಣೆ
ದಿನಾಂಕ: ಮಾರ್ಚ್ 22, ಶನಿವಾರ, ಮಧ್ಯಾಹ್ನ 12-40

ರುಜು: ಗಿರಣಿ ಅಕ್ಕ
ನನ್ನ ಸಮಕ್ಷಮ ಬರೆದುಕೊಂಡಿದ್ದು: ಮುಖ್ಯ ಪೇದೆ (ಬಡಿತವನ್ನು ನಾನೂ ಕೇಳಿದ್ದೇನೆ)