ಹತ್ತನೆಯ ಮನೆ

ನಮ್ಮ ಚರ್ಚಿನ ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ನಮ್ಮ ಸಭಾಪಾಲಕರಾದ ಪೂಜ್ಯ ಅಮರೇಶ್ ಅಯ್ಯನವರೇ, ಕೊರಳಿನ ಹಾರವನ್ನು ತೆಗೆಯಬಹುದೋ ಬಾರದೋ ತಿಳಿಯದೆ ಬೆವರುತ್ತಿರುವ ಮುಖ್ಯ ಅತಿಥಿಗಳೇ, ಸಭಾ ಸಮಿತಿಯ ಕಾರ್ಯದರ್ಶಿ ಶಿವಪ್ರಕಾಶರೇ, ಮುಂದಿನ ಸಾಲಿನ ತಾಯಂದಿರೇ, ಬಿರಿಯಾನಿಯ ವಾಸನೆ ಹಿಡಿದು ಹಿಂದಿನ ಬಾಗಿಲಲ್ಲೇ ನಿಂತಿರುವ ಯುವಕರೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ಈಗತಾನೆ ಶಿವಪ್ರಕಾಶರು ನನ್ನ ಸನ್ಮಾನ ಪತ್ರವನ್ನು ಓದಿದರು. ಅದರಲ್ಲಿ ನನ್ನನ್ನು ‘ಉದಾರಹಸ್ತ’ ಎಂದರು, ‘ದಾನಚಿಂತಾಮಣಿ’ ಎಂದರು. ದಾನಚಿಂತಾಮಣಿ ಎಂಬುದು ನಮ್ಮ ನಾಡಿನಲ್ಲಿ ಹಿಂದೆ ಒಬ್ಬ ಹೆಣ್ಣುಮಗಳಿಗೆ ಸಂದ ಬಿರುದು. ಇಂದು ನನಗೆ ಹೊದಿಸಿದ್ದಾರೆ. ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಬಿರುದು ಬಿರುದೇ. ನಾನು ಆಕ್ಷೇಪಿಸುವುದಿಲ್ಲ.

ಕ್ರೈಸ್ತನಾದವನು ಹೇಗೆ ಕೊಡಬೇಕು ಎಂಬ ವಿಷಯವಾಗಿ ಮಾತನಾಡಲು ನನಗೆ ಅಪ್ಪಣೆಯಾಗಿದೆ. ದಶಮಾಂಶ! ಹತ್ತರಲ್ಲಿ ಒಂದು! ಎಷ್ಟು ಸರಳವಾದ ಮಾತು! ಆದರೆ ಯಾವ ಹತ್ತರಲ್ಲಿ? ಬಂದದ್ದರಲ್ಲೋ, ಉಳಿದದ್ದರಲ್ಲೋ? ಈ ಪ್ರಶ್ನೆಯನ್ನು ನಾನು ನನ್ನ ಜೀವಮಾನವಿಡೀ ಧ್ಯಾನಿಸಿದ್ದೇನೆ.

ನನ್ನ ತಂದೆ ಕೆಂಪಯ್ಯನವರು ನಂಜನಗೂಡಿನ ಕಡೆಯ ರೈತರು. ಕಣದಲ್ಲಿ ರಾಗಿ ಅಳೆಯುವಾಗ ದೇವರ ಚೀಲವನ್ನೇ ಮೊದಲು ತುಂಬಿಸುತ್ತಿದ್ದರು. ನಾನು ಒಮ್ಮೆ, “ಯಾಕಪ್ಪಾ, ಕೊನೇಲಿ ಕೊಟ್ರೆ ಆಗಲ್ವಾ?” ಎಂದು ಕೇಳಿದೆ. ಅವರು, “ಕೊನೇಲಿ ಅಳೆದ್ರೆ ದೇವ್ರಿಗೆ ಹೊಟ್ಟು ಓಯ್ತದೆ ಕಣ್ಲಾ” ಎಂದರು. ಪುಣ್ಯಾತ್ಮರು. ಆದರೆ ಅವರಿಗೆ ವ್ಯಾಪಾರ ತಿಳಿಯದು. ದೇವರಾಜ ಮೊಹಲ್ಲಾದಲ್ಲಿ ಪೈಂಟಿನ ಅಂಗಡಿ ಇಟ್ಟ ಮೇಲೆ ನಾನು ಅದನ್ನು ಕಾಲಕ್ಕೆ ತಕ್ಕಂತೆ ತಿದ್ದಿಕೊಂಡೆ. ಮೊದಲು ಬ್ಯಾಂಕಿನ ಕಂತು ಕಳೆಯಬೇಕು, ಆಮೇಲೆ ತೆರಿಗೆ, ಆಮೇಲೆ ಪೆಟ್ರೋಲು, ಮನೆ ಖರ್ಚು, ನಾಯಿಯ ಊಟ. ಇದೆಲ್ಲ ಕಳೆದ ಮೇಲೂ ಉಳಿದರೆ, ಅದರ ಹತ್ತರಲ್ಲಿ ಒಂದು ಭಾಗವನ್ನು ದೇವರಿಗೆ ಕೊಡುವುದರಲ್ಲಿ ನಾನು ಎಂದಾದರೂ ಹಿಂದೆ ಬಿದ್ದಿದ್ದೇನೆಯೇ? ಅಯ್ಯನವರೇ ಹೇಳಲಿ. ಬೇಡ, ಅಯ್ಯನವರು ಹೇಳುವುದು ಬೇಡ.

ಈಗ ಹತ್ತನೆಯ ಮನೆಯ ವಿಷಯಕ್ಕೆ ಬರುತ್ತೇನೆ. ನನಗೆ ಈ ಶಾಲು ಬಂದದ್ದೇ ಅದರಿಂದ.

ಬೋಗಾದಿಯಲ್ಲಿ ನಾನು ಬಾಡಿಗೆಗೆಂದು ಹತ್ತು ಮನೆಗಳ ಕಟ್ಟಡ ಕಟ್ಟಿಸಿದ್ದು ತಮಗೆ ತಿಳಿದಿದೆ. ಗೃಹಪ್ರತಿಷ್ಠೆಯ ಪ್ರಾರ್ಥನೆಗೆ ಇಡೀ ಸಭೆಯೇ ಬಂದಿತ್ತು. ಕೈಯಲ್ಲಿ ಮೈಕು, ಎದುರಿಗೆ ಜನ. ನನ್ನ ದೌರ್ಬಲ್ಯ ತಮಗೆ ಗೊತ್ತೇ ಇದೆ. ನಾನು ಉದ್ವೇಗದಿಂದ, “ಇದರಲ್ಲಿ ಒಂಬತ್ತು ಮನೆಗಳು ನನ್ನವು, ಹತ್ತನೆಯ ಮನೆ ದೇವರದು!” ಎಂದು ಘೋಷಿಸಿಬಿಟ್ಟೆ. ಎಂಥ ಚಪ್ಪಾಳೆ! ಇಬ್ಬರು ಅಜ್ಜಿಯರು ಕಣ್ಣೊರೆಸಿಕೊಂಡರು. ನನ್ನ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ. ದೇವರಿಗೆ ಬಾಡಿಗೆ ಮನೆ ಬೇಕೇ? ಬೇಡ. ಆದ್ದರಿಂದ ಹೆಸರು ದೇವರದು, ಬೀಗದ ಕೈ ನನ್ನದು. ಬಿಷಪ್ಪರು ಬಂದಾಗ ಒಂದು ರಾತ್ರಿ ತಂಗಲಿ, ಉಳಿದ ದಿನ ಮನೆ ಗಾಳಿಯಾಡಲಿ ಎಂದುಕೊಂಡಿದ್ದೆ.

ಜನರೆಲ್ಲ ಉಂಡು ಹೋದ ಮೇಲೆ ನನ್ನ ಧರ್ಮಪತ್ನಿ ಪ್ರೇಮಲೀಲಾ ಬಂದಳು. ಅವಳು ನರ್ಸಾಗಿ ನಿವೃತ್ತಳಾದವಳು. ಏನು ಹೇಳಿದರೂ ಇಂಜೆಕ್ಷನ್ ಕೊಟ್ಟ ಹಾಗೆ, ನೋಯುವುದು ಆಮೇಲೆ.

“ದೇವರ ಮನೆಗೆ ಜನ ಬಂದ್ರು ಕಣ್ರೀ” ಎಂದಳು.

“ಯಾರು?”

“ನಂಜಯ್ಯ, ಭಾಗ್ಯಮ್ಮ.”

ಸಭಿಕರೇ, ಇವರು ನನ್ನ ಕಟ್ಟಡದಲ್ಲೇ ಗಾರೆ ಕೆಲಸ ಮಾಡಿದ ಗಂಡ ಹೆಂಡತಿ. ಕಟ್ಟಡದ ಮುಂದಿನ ಶೆಡ್ಡಿನಲ್ಲಿದ್ದರು. ನಂಜಯ್ಯ ಮೂರನೆಯ ಮಹಡಿಯ ಹೊರಗೋಡೆಗೆ ಗಾರೆ ಬಳಿಯುವಾಗ ಬಿದ್ದು ಸೊಂಟ, ಕಾಲು ಮುರಿದುಕೊಂಡಿದ್ದ. ನಿಂತು ಕೆಲಸ ಮಾಡಲು ಕಬ್ಬಿಣದ ಅಟ್ಟಣಿಗೆಯನ್ನೇ ತರಿಸಿ ಎಂದು ಮೇಸ್ತ್ರಿ ಹೇಳಿದ್ದು ನಿಜ. ಎರಡು ದಿನದ ಕೆಲಸಕ್ಕೆ ಕಬ್ಬಿಣವೇಕೆ, ಹಳೆಯ ಸರ್ವೆ ಮರದ ಗಳಗಳಿವೆಯಲ್ಲ ಎಂದು ನಾನು ಹೇಳಿದ್ದೂ ನಿಜ. ಗಳ ಮುರಿಯಿತು. ಮರ ಅಂದ ಮೇಲೆ ಮುರಿಯುವುದಿಲ್ಲವೇ? ನಾನೇನು ಕೈ ಕಟ್ಟಿ ಕೂರಲಿಲ್ಲ. ಆಸ್ಪತ್ರೆಗೆ ಸೇಬು ತೆಗೆದುಕೊಂಡು ಹೋದೆ. ದೀರ್ಘವಾಗಿ ಪ್ರಾರ್ಥಿಸಿದೆ. ಅವನು ನಮ್ಮ ಧರ್ಮದವನಲ್ಲದಿದ್ದರೂ ಕಣ್ಣು ಮುಚ್ಚಿ ಕೇಳಿಸಿಕೊಂಡ. ಒಬ್ಬ ಮಾಲೀಕ ಇದಕ್ಕಿಂತ ಹೆಚ್ಚು ಏನು ಮಾಡಬೇಕು, ಹೇಳಿ?

ಅವತ್ತು ಗೃಹಪ್ರತಿಷ್ಠೆಯಾದ್ದರಿಂದ ಬೆಳಿಗ್ಗೆಯೇ ಶೆಡ್ಡು ಕೀಳಿಸಿದ್ದೆ. ಅತಿಥಿಗಳ ಕಾರು ನಿಲ್ಲಬೇಕಲ್ಲ! ಅವರಿಬ್ಬರೂ ಪಾತ್ರೆಪಗಡೆ ಇಟ್ಟುಕೊಂಡು ರಸ್ತೆಯಾಚೆ ಬೇವಿನ ಮರದ ಕೆಳಗೆ ಕುಳಿತಿದ್ದರಂತೆ. ನನಗೆ ಕಾಣಲಿಲ್ಲ. ಪ್ರೇಮಲೀಲಾಗೆ ಕಂಡಿತು.

“ಅವರು ಕ್ರೈಸ್ತರೇ ಅಲ್ವಲ್ಲೇ! ದೇವರ ಮನೆ ಅಂದಿದ್ದೀನಿ ನಾನು” ಎಂದೆ.

“ಬೀಳುವಾಗ ಕೇಳಿದ್ರಾ, ನೀನು ಯಾವ ದೇವರೋನು ಅಂತ?” ಎಂದಳು. “ದೇವರದು ಅಂತ ಮೈಕಲ್ಲಿ ಹೇಳಿದ್ದು ನೀವು. ಒಳಗೆ ಕರೆದವಳು ನಾನು. ಬೇಡ ಅಂದ್ರೆ ಅದನ್ನೂ ಮೈಕಲ್ಲೇ ಹೇಳಿ.”

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ನನ್ನ ದಾನ ಎಷ್ಟು ಶ್ರೇಷ್ಠವೆಂದರೆ, ಅದು ನನ್ನ ಎರಡೂ ಕೈಗಳಿಗೆ ತಿಳಿಯಲಿಲ್ಲ.

ನಾನೂ ಸುಮ್ಮನಿರಲಿಲ್ಲ. ಅಯ್ಯನವರ ಬಳಿ ಹೋಗಿ, ದಶಮಾಂಶ ದೇವಾಲಯಕ್ಕೇ ಸೇರಬೇಕಲ್ಲವೇ, ಆ ಮನೆಯನ್ನು ಸಭೆಯ ಅತಿಥಿಗೃಹ ಮಾಡಿಕೊಳ್ಳಿ, ತಾವೇ ಬಂದು ಅವರಿಗೆ ನಾಲ್ಕು ಮಾತು ಹೇಳಿ ಎಂದು ಬೇಡಿಕೊಂಡೆ. ಅಯ್ಯನವರು ಬಂದರು. ಬಿಷಪ್ಪರ ಮಂಚ ಹಿಡಿಯುತ್ತದೆಯೇ ನೋಡಲು ಶಿವಪ್ರಕಾಶರು ಅಳತೆಯ ಟೇಪು ಹಿಡಿದು ಬಂದರು. ನಾಚಿಕೊಳ್ಳಬೇಡಿ ಶಿವಪ್ರಕಾಶರೇ, ಎಲ್ಲ ದೇವರ ಕೆಲಸಕ್ಕೆ ತಾನೇ?

ಅಯ್ಯನವರು ಬಾಯಿ ತೆರೆಯುವ ಮೊದಲೇ ಭಾಗ್ಯಮ್ಮ ಬೆಲ್ಲದ ಕಾಫಿ ತಂದಿಟ್ಟಳು. ನಂಜಯ್ಯ ಚಾಪೆಯ ಮೇಲಿಂದ ಏಳಲು ಹೆಣಗುತ್ತಿದ್ದ.

“ಕುಡೀರಿ ಅಯ್ಯಾರೇ” ಎಂದಳು. “ನಮ್ ಸಾವ್ಕಾರ್ರು ದೇವ್ರಂಥೋರು ಕಣ್ರೀ. ಕೆಲ್ಸ ಮಾಡೋವಾಗ ಬಿದ್ರೆ ಯಾರ್ ತಿರುಗಿ ನೋಡಾರು? ಇವ್ರು ಆಸ್ಪತ್ರೆಗೆ ಬಂದ್ರು, ಸೇಬಣ್ಣು ತಂದ್ರು, ಈಗ ತಂದು ಮನೇಲೇ ಮಡಿಕ್ಕಂಡವ್ರೆ. ನಮ್ಮೋರೂ ಇಂಗೆ ಮಾಡ್ನಿಲ್ಲ. ನಿಮ್ ದೇವ್ರು ಅವ್ರನ್ನ ತಣ್ಣಗಿಟ್ಟಿರ್ಲಿ.”

ಅಯ್ಯನವರು ನನ್ನ ಮುಖ ನೋಡಿದರು. ನಾನು ಕಾಫಿ ನೋಡಿದೆ. ಅವರ ಕಣ್ಣು ತೇವವಾಗಿತ್ತು. ಶಿವಪ್ರಕಾಶರು ಟೇಪನ್ನು ಸದ್ದಿಲ್ಲದೆ ಜೇಬಿಗಿಳಿಸಿದರು. ಆಮೇಲೆ ಅಯ್ಯನವರು ಪ್ರಾರ್ಥನೆ ಮಾಡಿದರು, ನಂಜಯ್ಯನ ಕಾಲಿಗಾಗಿ ಮತ್ತು ನನ್ನ ಉದಾರತೆಗಾಗಿ. ಮುಂದಿನ ಭಾನುವಾರ ಅವರ ಉಪದೇಶ ಪೂರ್ತಿ ನನ್ನ ಮೇಲೆಯೇ. ಆರಾಧನೆ ಮುಗಿದ ಮೇಲೆ ತಾವೆಲ್ಲ ಸಾಲಾಗಿ ನಿಂತು ನನ್ನ ಕೈ ಕುಲುಕಿದಿರಿ. ಕೊನೆಯಲ್ಲಿ ಬೆರಳು ಎಣಿಸಿಕೊಂಡೆ. ಹತ್ತೂ ಇದ್ದವು. ಮನೆ ಮಾತ್ರ ಒಂಬತ್ತೇ ಉಳಿದಿದ್ದವು. ಇಷ್ಟೆಲ್ಲ ಹೊಗಳಿಸಿಕೊಂಡ ಮೇಲೆ ಮನೆ ಖಾಲಿ ಮಾಡಿಸುವುದಕ್ಕೆ ಯಾವ ನ್ಯಾಯಾಲಯದಲ್ಲಿ ದಾವೆ ಹೂಡುವುದು?

ಅಂದಿನಿಂದ ಅವರು ಅಲ್ಲೇ ಇದ್ದಾರೆ. ಭಾಗ್ಯಮ್ಮ ಬೇಡವೆಂದರೂ ಹತ್ತು ಮನೆಗಳ ಮೆಟ್ಟಿಲು ಗುಡಿಸುತ್ತಾಳೆ. ಸಂಜೆ ನಾನು ಬಾಡಿಗೆದಾರರನ್ನು ವಿಚಾರಿಸಲು ಹೋದರೆ ನಂಜಯ್ಯ ಹೊಸ್ತಿಲಲ್ಲಿ ಕುಳಿತಿರುತ್ತಾನೆ. ನನ್ನನ್ನು ಕಂಡೊಡನೆ ಎದ್ದು ನಿಲ್ಲಲು ಹೊರಡುತ್ತಾನೆ. “ಬೇಡ, ಕೂತ್ಕೋ” ಎನ್ನುತ್ತೇನೆ. “ಅದೆಂಗಾದದು ಸಾವ್ಕಾರ್ರೇ” ಎಂದು ಗೋಡೆ ಹಿಡಿಯುತ್ತಾನೆ, ಕೋಲು ಊರುತ್ತಾನೆ, ಒಂದು ಕಾಲು ಎಳೆದುಕೊಳ್ಳುತ್ತಾನೆ. ಅವನು ಎದ್ದು ನಿಲ್ಲುವ ತನಕ ನಾನೂ ಅಲ್ಲೇ ನಿಂತಿರಬೇಕು, ಬಿಟ್ಟು ಹೋಗುವ ಹಾಗಿಲ್ಲ. ಅದು ತುಂಬ ಹೊತ್ತು ಹಿಡಿಯುತ್ತದೆ, ಸಭಿಕರೇ. ತುಂಬ ಹೊತ್ತು.

ಇರಲಿ. ಯಾರಾದರೂ ಸ್ವಲ್ಪ ನೀರು ಕೊಡಿ.

ಹಾಂ. ಸಂತೋಷದ ಸಂಗತಿಯೆಂದರೆ, ಸಿದ್ಧಾರ್ಥನಗರದಲ್ಲಿ ಹೊಸ ಕಟ್ಟಡ ಆರಂಭಿಸಿದ್ದೇನೆ. ಅಟ್ಟಣಿಗೆ ಕಬ್ಬಿಣದ್ದೇ. ಬಾಡಿಗೆ ದುಬಾರಿ, ಆದರೂ ತರಿಸಿದ್ದೇನೆ, ಯಾಕೆಂದು ಕೇಳಬೇಡಿ. ನಮ್ಮ ಇಂಜಿನಿಯರ್ ವಿಶ್ರುತ್ ನಕ್ಷೆ ತಂದು, “ಸಾರ್, ಹತ್ತು ಮನೆ ಆರಾಮಾಗಿ ಕೂರುತ್ವೆ” ಎಂದ.

“ಒಂಬತ್ತು ಮಾಡಪ್ಪ” ಎಂದೆ.

“ಜಾಗ ವೇಸ್ಟ್ ಆಗುತ್ತಲ್ಲ ಸಾರ್?”

“ಆಗಲಿ. ಗಾಳಿ ಬೆಳಕು ದೇವರ ವರ.”

ಒಂಬತ್ತರಲ್ಲಿ ಹತ್ತನೆಯದು ಇರುವುದಿಲ್ಲ. ಇದನ್ನು ಕಂಡುಹಿಡಿದ ರಾತ್ರಿ ನಾನು ಮಗುವಿನಂತೆ ನಿದ್ದೆ ಮಾಡಿದೆ. ಬೆಳಿಗ್ಗೆ ಪ್ರೇಮಲೀಲಾ ಕನ್ನಡಕ ಹಾಕಿಕೊಂಡು ನಕ್ಷೆಯನ್ನು ನೋಡಿದಳು. “ಒಂಬತ್ತೇನಾ? ಸರಿ ಬಿಡಿ. ನಾವಿರೋ ಮನೆ ಸೇರಿಸಿದ್ರೆ ಹತ್ತಾಯ್ತಲ್ಲ” ಎಂದು ಇಡ್ಲಿ ಬಡಿಸಲು ಹೋದಳು. ಅಂದಿನಿಂದ ನಾನು ನನ್ನ ಮನೆಗೇ ಕರೆಗಂಟೆ ಒತ್ತಿ ಒಳಗೆ ಹೋಗುತ್ತಿದ್ದೇನೆ.

ಶಿವಪ್ರಕಾಶರು ಚೀಟಿ ಕಳಿಸಿದ್ದಾರೆ. ಹೊಸ ಸಭಾಂಗಣದ ನೆಲಕ್ಕೆ ಟೈಲ್ಸ್ ಹಾಕಿಸುವ ಬಗ್ಗೆ ಈ ವೇದಿಕೆಯಿಂದಲೇ ಒಂದು ಘೋಷಣೆ ಮಾಡಬೇಕಂತೆ. ಶಾಲು ಹೊದಿಸುವವರ ಕಣ್ಣು ಹೆಗಲ ಮೇಲಿರುವುದಿಲ್ಲ, ಜೇಬಿನ ಮೇಲಿರುತ್ತದೆ ಎಂದು ನನಗೂ ಗೊತ್ತು. ಆದರೆ ಕ್ಷಮಿಸಿ. ನಾನೀಗ ಮೈಕಿನ ಮುಂದೆ ಏನನ್ನೂ ಘೋಷಿಸುವುದಿಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆ.

ಆಹ್ವಾನ ಪತ್ರಿಕೆಯಲ್ಲಿ ‘ದಂಪತಿ ಸಹಿತ ಸನ್ಮಾನ’ ಎಂದು ಅಚ್ಚಾಗಿದೆ, ನಿಮ್ಮ ಮನೆಯವರು ಎಲ್ಲಿ ಎಂದು ಹಲವರು ಕೇಳಿದಿರಿ. ಇವತ್ತು ನಂಜಯ್ಯನನ್ನು ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ. “ಸನ್ಮಾನ ಅಲ್ವೇನೆ, ಇನ್ನೊಂದು ದಿನ ಹೋದರಾಗದೇ?” ಎಂದೆ. “ಶಾಲು ಇನ್ನೊಂದು ದಿನವೂ ಬೆಚ್ಚಗೇ ಇರುತ್ತೆ ಕಣ್ರೀ” ಎಂದು ಕಾರು ತೆಗೆದುಕೊಂಡು ಹೊರಟೇಹೋದಳು. ನಾನು ಆಟೋದಲ್ಲಿ ಬಂದೆ.

ಆದ್ದರಿಂದ, ನನ್ನಲ್ಲಿ ಇಲ್ಲದ್ದನ್ನೂ ಕಂಡು ಗೌರವಿಸಿದ ಅಯ್ಯನವರಿಗೆ, ಸಮಿತಿಗೆ, ಅಡುಗೆಯವರಿಗೆ, ಇಷ್ಟು ಹೊತ್ತು ಹಸಿದು ಕೇಳಿದ ತಮಗೆಲ್ಲ ನನ್ನ ಹೃದಯ ತುಂಬಿದ ವಂದನೆಗಳು. ಊಟವಾದ ಮೇಲೆ ಬೋಗಾದಿಯ ಕಡೆಗೆ ಹೋಗುವವರ ಕಾರಿನಲ್ಲಿ ಒಂದು ಸೀಟು ಖಾಲಿ ಇದ್ದರೆ ದಯವಿಟ್ಟು ತಿಳಿಸಿ. ನಂಜಯ್ಯ ಹೊಸ್ತಿಲಿಗೆ ಬಂದು ಕೂರುವ ಹೊತ್ತಿಗೆ ನಾನು ಅಲ್ಲಿರಬೇಕು. ತಾವು ಶಾಲಿನ ಜೊತೆ ಕೊಟ್ಟ ಹಣ್ಣಿನ ಬುಟ್ಟಿ ಬೇರೆ ಭಾರವಾಗಿದೆ.

ಎಲ್ಲರಿಗೂ ನಮಸ್ಕಾರ.