ಮಳೆನೀರು ಹಾಕಿದ್ದ ಎಂಜಿನ್ನು

ನಾನು ಮಹಾಂತಪ್ಪ ತಂದೆ ಮಲ್ಲಪ್ಪ ಹಂಚಿನಮನಿ, ವಯಸ್ಸು 63 ವರ್ಷ, ಉದ್ಯೋಗ ಗಡಿಯಾರ ಹಾಗೂ ಹೊಲಿಗೆ ಯಂತ್ರಗಳ ದುರಸ್ತಿ, ಸಾಕಿನ್ ಮುನವಳ್ಳಿ, ತಾಲೂಕು ಸವದತ್ತಿ. ದಿನಾಂಕ 02-10-2025ರಂದು ನಾನು ಕೊಟ್ಟ ಹೇಳಿಕೆ ತಪ್ಪಾಗಿರುವುದರಿಂದ ಇಂದು ಮತ್ತೊಮ್ಮೆ ಬರೆಸುವುದೇನೆಂದರೆ,

ನಮ್ಮ ಮನೆಯಲ್ಲಿ ಆಟಿಕೆಯ ಹಬೆ ಎಂಜಿನ್ ಒಂದಿತ್ತು. 1936ರಲ್ಲಿ ನಮ್ಮ ಅಜ್ಜ ಪುಣೆಯಿಂದ ತಂದದ್ದು. ಉದ್ದ 11 ಇಂಚು, ಹಿತ್ತಾಳೆಯ ಬಾಯ್ಲರ್, ಅದರ ಕೆಳಗೆ ಸ್ಪಿರಿಟ್ ದೀಪ. ಬಾಯ್ಲರಿನ ನೆತ್ತಿಯ ಮೇಲೆ ಕಡಲೆಕಾಳಿನಷ್ಟು ವಾಲ್ವ್. ಹಬೆ ಹೆಚ್ಚಾದರೆ ಅದು ತಾನೇ ಎದ್ದು ಹೊರಗೆ ಬಿಡುತ್ತದೆ. ಗಾಲಿಯ ಅಚ್ಚಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ, ಸಿಲಿಂಡರಿಗೆ ಹಬೆಯಲ್ಲಿ ತೊಳೆದುಹೋಗದ ದಪ್ಪ ಎಣ್ಣೆ ಬಿಡಬೇಕು. ವಾಲ್ವಿಗೆ ಏನನ್ನೂ ಹಚ್ಚಬಾರದು, ಬೆಂಕಿ ಇಡುವ ಮೊದಲು ಉಗುರಿನಿಂದ ಒಮ್ಮೆ ಎತ್ತಿ ನೋಡಬೇಕು. ನೀರು ಮಳೆಯದೇ ಆಗಬೇಕು, ಬೋರಿನ ನೀರಿನಿಂದ ಒಳಗೆ ಸುಣ್ಣ ಕಟ್ಟುತ್ತದೆ. ಇದನ್ನೆಲ್ಲ ನನ್ನ ಅಳಿಯ ಸಂಜು, ವಯಸ್ಸು 31, ಬೈಲಹೊಂಗಲದಲ್ಲಿ ಲೇತ್ ಕೆಲಸ, ಇವನಿಗೆ ನಾನೇ ಕಲಿಸಿದ್ದೇನೆ. ಕಲಿಸುವಾಗ ಬಹಳ ಬೈದಿದ್ದೇನೆ.

ದಿನಾಂಕ 01-10-2025 ಖಂಡೇನವಮಿಯಂದು ಸಂಜೆ 4 ಗಂಟೆಗೆ ಸಂಜು ಎಂಜಿನ್ ಒರೆಸಿ, ಎಣ್ಣೆ ಬಿಟ್ಟು, ನೀರು ತುಂಬಿ ಇಟ್ಟನು. 6-15ಕ್ಕೆ ನಾನು ಪೂಜೆ ಮಾಡಿದೆನು. ವಿಭೂತಿ, ಅಂದರೆ ಈಬತ್ತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಇಕ್ಕಳ, ಸುತ್ತಿಗೆ, ಹೊಲಿಗೆ ಯಂತ್ರಗಳಿಗೆ ಹಚ್ಚಿ, ಕೊನೆಗೆ ಎಂಜಿನ್ನಿಗೆ ಹಚ್ಚಿದೆನು. ದೇವರ ಕೆಲಸದಲ್ಲಿ ಜಿಪುಣತನ ಯಾಕೆಂದು ದಪ್ಪಗೆ ಹಚ್ಚಿದೆನು.

ಮರುದಿನ ಬನ್ನಿ ಹಬ್ಬ. ಬೆಳಿಗ್ಗೆ 7-40ಕ್ಕೆ ಎಂಜಿನ್ನನ್ನು ಪಡಸಾಲೆಯ ಮೇಜಿನ ಮೇಲೆ ಇಟ್ಟೆವು. ನನ್ನ ಹೆಂಡತಿ ಸಿದ್ದಲಿಂಗವ್ವ ಮತ್ತು ಮಗಳು, ಅಂದರೆ ಸಂಜುವಿನ ಹೆಂಡತಿ ರಾಜೇಶ್ವರಿ 6 ಅಡಿ ದೂರದಲ್ಲಿ ನಿಂತಿದ್ದರು. ಆಗ ಸಂಜು, "ಮಾವಾರ, ವಾಲ್ವ್ ಒಮ್ಮೆ ಎತ್ತಿ ನೋಡೂನೇನ್ರಿ" ಎಂದು ಕೇಳಿದನು. ನಾನು, "ಪೂಜಿ ಆಗೇತಿ, ಈಬತ್ತಿ ಅಳಿಸಿ ಹೋಗ್ತೈತಿ, ಕೈ ಹಚ್ಚಬ್ಯಾಡ" ಎಂದು ಗದರಿಸಿದೆನು. ಈ ಮಾತನ್ನು ನಾನು ಮೊನ್ನೆ ಬರೆಸಿರಲಿಲ್ಲ.

7-45ಕ್ಕೆ ದೀಪ ಹಚ್ಚಿದೆನು. ಪ್ರತಿವರ್ಷ ಎಂಟು ನಿಮಿಷಕ್ಕೆ ವಾಲ್ವ್ ಸುಂಯ್ ಎನ್ನುತ್ತದೆ, ಆಮೇಲೆ ನಾನು ಕಾಯಿ ಒಡೆದು ಗಾಲಿ ಬಿಡುವುದು ನಮ್ಮ ಮನೆಯ ಪದ್ಧತಿ. ಎಂಟು ನಿಮಿಷವಾಯಿತು, ಹತ್ತಾಯಿತು, ಸಪ್ಪಳವಿಲ್ಲ. ನಾನು ಕಾಯಿ ಹಿಡಿದು ಕಾಯುತ್ತ ನಿಂತೆನು. 7-57ಕ್ಕೆ ಸಂಜು ದೀಪ ಆರಿಸಲು ಬಗ್ಗಿದನು. ಅಷ್ಟರಲ್ಲಿ ಬಾಯ್ಲರಿನ ಮುಚ್ಚಳ ಕಿತ್ತುಕೊಂಡು ಅವನ ಮುಖಕ್ಕೆ ಬಡಿಯಿತು. ಕುದಿನೀರು ಕುತ್ತಿಗೆಯವರೆಗೆ ಬಿತ್ತು. ಅವನು ಒದರಲಿಲ್ಲ, ಮುಖ ಮುಚ್ಚಿಕೊಂಡು ಕುಳಿತನು. ಒದರಿದವಳು ರಾಜೇಶ್ವರಿ. ನನ್ನ ಕೈಯಲ್ಲಿ ಕಾಯಿ ಹಾಗೇ ಇತ್ತು.

9-30ಕ್ಕೆ ಆಸ್ಪತ್ರೆಯ ಬಾಗಿಲಲ್ಲಿ ನಾನು, ಇವನು ಬೋರಿನ ನೀರು ಹಾಕಿದ್ದಕ್ಕೇ ಸುಣ್ಣ ಕಟ್ಟಿ ವಾಲ್ವ್ ಬಿಗಿಯಿತು, ಮಾಡಿದ್ದುಣ್ಣೋ ಮಾರಾಯ ಎಂದು ಮಗಳ ಎದುರಿಗೇ ಅಂದೆನು. ಸ್ಟ್ರೆಚರ್ ಮೇಲಿದ್ದ ಸಂಜು, "ಮಳಿನೀರ ಹಾಕೇನ್ರಿ ಮಾವಾರ" ಎಂದಷ್ಟೇ ಅಂದನು. ನಾನು ನಂಬಲಿಲ್ಲ. ಅದೇ ದಿನ ಠಾಣೆಗೆ ಬಂದು, ಅವನ ನಿರ್ಲಕ್ಷ್ಯದಿಂದಲೇ ಹೀಗಾಯಿತೆಂದು ಬರೆಸಿದೆನು.

ಇಂದು 11-20ಕ್ಕೆ ಠಾಣೆಯಲ್ಲಿ ಹವಾಲ್ದಾರ ಲಗಮಣ್ಣ ಇವರು, ಮೇಜಿನಿಂದ 14 ಅಡಿ ದೂರ ಹಾರಿಹೋಗಿ ನಮ್ಮ ಜಂತಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ವಾಲ್ವನ್ನು ನನ್ನ ಮುಂದೆ ಇಟ್ಟರು. ತೂತಿನ ತುಂಬ ಬಿಳಿದು ಕಟ್ಟಿತ್ತು. ನೋಡ್ರಿ ಸುಣ್ಣ, ಎಂದು ನಾನೇ ಜೋರಾಗಿ ಹೇಳಿದೆನು. ಅವರು ಪಿನ್ನಿನಿಂದ ಕೆದರಿದರು. ಸುಣ್ಣವಾಗಿದ್ದರೆ ಕಲ್ಲಿನ ಹಾಗೆ ಹಿಡಿದಿರುತ್ತಿತ್ತು. ಇದು ಪುಡಿಯಾಗಿ ಉದುರಿತು. ಅವರು ಬೆರಳಿಗೆ ತಗೊಂಡು ಮೂಸಿ, ನನ್ನ ಹಣೆ ನೋಡಿ, "ಇದು ಈಬತ್ತಿ ಐತಲ್ರಿ ಯಜಮಾನ್ರ" ಅಂದರು.

ನಾನು ನನ್ನ ಹಣೆಯ ವಿಭೂತಿಯನ್ನು ಬೆರಳಿಗೆ ತಗೊಂಡು ಆ ಪುಡಿಯ ಪಕ್ಕ ಹಿಡಿದು ನೋಡಿದೆನು, ಎರಡೂ ಒಂದೇ. ವಾಲ್ವನ್ನು ಎತ್ತಿ ನೋಡೋಣವೆಂದು ಸಂಜು ಕೇಳಿದ್ದನ್ನು ಆಗ ನಾನು ಅವರಿಗೆ ಹೇಳಿದೆನು. ನಿನ್ನೆ ಆಸ್ಪತ್ರೆಯಲ್ಲಿ ಸಂಜುವಿನ ಹೇಳಿಕೆ ಪಡೆದಿದ್ದೇವೆ, ಅದರಲ್ಲಿ ಆ ಮಾತೇ ಇಲ್ಲ, ಮಾವನವರದು ಏನೂ ತಪ್ಪಿಲ್ಲವೆಂದು ಬರೆಸಿದ್ದಾನೆ ಎಂದು ಅವರು ತಿಳಿಸಿದರು. ಅವನ ಬಲಗಣ್ಣಿನ ಪಟ್ಟಿ ಇನ್ನೂ ಬಿಚ್ಚಿಲ್ಲ. ಕಾಣುತ್ತದೋ ಇಲ್ಲವೋ ಸೋಮವಾರ ಹೇಳುತ್ತೇವೆಂದು ಡಾಕ್ಟರು ಹೇಳಿರುತ್ತಾರೆ.

ಕಾರಣ, ಮೊದಲಿನ ಹೇಳಿಕೆಯಲ್ಲಿ ಸಂಜುವಿನ ಹೆಸರಿರುವ ಕಡೆಯೆಲ್ಲ ನನ್ನ ಹೆಸರು ಬರೆದುಕೊಳ್ಳಬೇಕು. ಇದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಈ ಸಲ ಏನನ್ನೂ ಬಿಟ್ಟಿಲ್ಲ.

ಸ್ಥಳ: ಸವದತ್ತಿ
ದಿನಾಂಕ: 04-10-2025, ಮಧ್ಯಾಹ್ನ 1-10

(ಹೇಳಿಕೆದಾರರು ಓದುಬರಹ ಬಲ್ಲವರು. ಮೂರು ಸಲ ಪ್ರಯತ್ನಿಸಿದರೂ ಸಹಿ ಬಾರದ ಕಾರಣ ಎಡಗೈ ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ.)